ವೈರಸ್ ತೊಳೆಯುತ್ತಿದ್ದ ಮಿಸ್ತ್ರಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಳಕಲ್ಲು, ಹುನಗುಂದದ ಜನ ಒಂದು ಕಾಲಕ್ಕೆ ಆ ಹೆಸರನ್ನು ಬಾಯಿಗೆ ಹಾಕಿಕೊಂಡು ಸಾಕಷ್ಟು ಅಗಿದಿದ್ದಾರೆ. ಇನ್ನೊಮ್ಮೆ ಅವರ ಬಾಯಿಗೆ ಕೊಡಲು ನನಗೆ ಮನಸ್ಸಿಲ್ಲ. ಊರಲ್ಲಿ ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅಷ್ಟು ಸಾಕು.

ಹೋದ ತಿಂಗಳು ಒಂದು ಮುಂಜಾನೆ ಅಂಗಡಿಯ ಶಟರ್ ಎತ್ತುತ್ತಿದ್ದಾಗ ಮೊಬೈಲಿಗೆ ಸುದ್ದಿ ಬಂತು, ಬಾಗಲಕೋಟೆಯಲ್ಲಿ ಮಿಸ್ತ್ರಿ ತೀರಿಕೊಂಡರು ಅಂತ. ಡಿಟಿಪಿ ಅಂಗಡಿಯವರು, ಫೋಟೋ ಸ್ಟುಡಿಯೋದವರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು ನಮ್ಮದು. ಒಬ್ಬೊಬ್ಬರಾಗಿ ಕೈ ಮುಗಿದ ಚಿತ್ರ ಹಾಕಿದರು. ಒಬ್ಬ ಮಹಾಶಯ ಮಾತ್ರ, "ಕೈ ಭಾಳ ಚಲೋ ಇತ್ತು, ಆದ್ರ ಬುದ್ಧಿ ಒಂಚೂರು..." ಅಂತ ಬರೆದು ಮುಂದೆ ಮೂರು ಚುಕ್ಕಿ ಇಟ್ಟು ಬಿಟ್ಟಿದ್ದ. ಅದಕ್ಕೆ ನಾಲ್ಕು ಜನ ಹೌದು ಹೌದು ಅಂದಿದ್ದರು. ಮನುಷ್ಯನ ಮೈ ಇನ್ನೂ ತಣ್ಣಗಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದು ಬರೆಯಬೇಕು ಅಂತ ಹೋದವನಿಗೆ ಬೆರಳು ಏಳಲಿಲ್ಲ. ಆ ಮೂರು ಚುಕ್ಕಿಯನ್ನು ಮಿಸ್ತ್ರಿಯ ಹೆಸರಿನ ಮುಂದೆ ಮೊಟ್ಟಮೊದಲು ಇಟ್ಟವನು ನಾನೇ. ಹದಿಮೂರು ಹದಿನಾಲ್ಕು ವರ್ಷ ಆಯಿತು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಿಸ್ತ್ರಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಇಳಕಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಒಂದು ಖೋಲಿ ಅವರ ಅಂಗಡಿ. ಅವರ ತಂದೆ ಅಲ್ಲೇ ಕೂತು ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರಂತೆ. ಮಗ ಟಿವಿಗೆ ಕೈ ಹಾಕಿದರು, ಟಿವಿಯಿಂದ ಕಂಪ್ಯೂಟರಿಗೆ ಬಂದರು. ಕೋರ್ಸು ಗೀರ್ಸು ಏನೂ ಇಲ್ಲ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಪರದೆಯ ಮೇಲೆ ಏನಾದರೂ ಮೂಡಿದರೆ ನಾವೆಲ್ಲ ಓದದೇ ಓಕೆ ಒತ್ತುವವರು, ಅವರು ಬೆರಳಿಟ್ಟುಕೊಂಡು ಕೊನೆಯವರೆಗೂ ಓದಿ, ತಿಳಿಯದ ಶಬ್ದವನ್ನು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಒತ್ತುವವರು. ನೋಡುವವರಿಗೆ ತಾಳ್ಮೆ ಕೆಡುತ್ತಿತ್ತು. ಎಷ್ಟೋ ಸಲ ನಾನೇ ಎದ್ದು ಹೋಗಿ ಚಹಾ ಕುಡಿದು ಬಂದಿದ್ದೇನೆ, ಅವರ ಬೆರಳು ಇನ್ನೂ ಅದೇ ಸಾಲಿನ ಮೇಲೆ ಇರುತ್ತಿತ್ತು.

ಅವರಲ್ಲಿ ಒಂದು ವಿದ್ಯೆ ಇತ್ತು. ಸಿಪಿಯು ಡಬ್ಬಿ ಬಿಚ್ಚಿದ ಕೂಡಲೇ ಒಳಗಿನ ಧೂಳು ನೋಡಿ ಅದು ಎಲ್ಲಿಂದ ಬಂದದ್ದು ಅಂತ ಹೇಳಿಬಿಡುತ್ತಿದ್ದರು. ಗ್ರಾನೈಟ್ ಆಫೀಸಿನದಾದರೆ ನುಣ್ಣನೆ ಹಿಟ್ಟಿನಂಥ ಧೂಳು, ನೇಕಾರರ ಮನೆಯದಾದರೆ ಫ್ಯಾನಿಗೆ ಸುತ್ತಿಕೊಂಡ ನೂಲಿನ ಜುಂಗು, ಬಾದಾಮಿಯ ಲಾಡ್ಜಿನದಾದರೆ ಕೆಂಪು ಮಣ್ಣು, ಹುನಗುಂದದ ಕಡೆಯದಾದರೆ ಕಪ್ಪು ಎರಿಮಣ್ಣು. ಒಮ್ಮೆ ನಾನು ಪರೀಕ್ಷೆ ಮಾಡಲಿಕ್ಕೆಂದು ಕಲಾದಗಿಯ ನನ್ನ ಬೀಗರ ಡಬ್ಬಿಯನ್ನು ಯಾರದು ಅಂತ ಹೇಳದೆ ಒಯ್ದಿಟ್ಟೆ. ಬಿಚ್ಚಿ ಮೂಗು ಹತ್ತಿರ ಒಯ್ದು, "ಇದು ಅಡಿಗಿ ಮನಿಯಾಗ ಇಟ್ಟಾರ. ಒಗ್ಗರಣಿ ಜಿಡ್ಡು ಐತಿ. ಊರು ಗೊತ್ತಾಗವಲ್ದು" ಅಂದರು. ಖರೆ ಇತ್ತು, ಬೀಗರದ್ದು ಒಂದೇ ಖೋಲಿ ಮನೆ.

ಕೆಲಸ ಹಿಡಿಯುವ ಮೊದಲು ಕಸಬರಿಗೆ ಕೇಳುತ್ತಿದ್ದರು. ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಮದುವೆ ಪತ್ರಿಕೆ ಒಯ್ಯಲು ಬಂದವರು ಬಾಗಿಲಲ್ಲಿ ನಿಂತಿದ್ದಾರೆ, ನನಗೆ ಕೈಕಾಲು ಆಡುತ್ತಿಲ್ಲ, ಈ ಮನುಷ್ಯ ಮೇಜಿನ ಕೆಳಗೆ ಬಗ್ಗಿ ಕಸ ಹೊಡೆಯುತ್ತಿದ್ದಾರೆ. ನಾನು ಸಿಟ್ಟಿನಲ್ಲಿ ಏನೋ ಅಂದೆ. ಅವರು ತಲೆ ಎತ್ತದೆ, ಜಡ್ಡಿನವರನ್ನು ಮಲಗಿಸುವ ಜಾಗ ಮೊದಲು ಸ್ವಚ್ಛ ಬೇಕಲ್ಲ ತಮ್ಮಾ ಅಂದರು. ಅವತ್ತಿನಿಂದ ನಾನು ಅವರಿಗೆ ತಮ್ಮ ಆದೆ.

ಇನ್ನೊಂದು ಗುಣ ಹೇಳಬೇಕು. ಯಾರ ಕಂಪ್ಯೂಟರು ತೆರೆದರೂ ಪರದೆಯನ್ನು ಮಾಲಕರ ಕಡೆ ತಿರುಗಿಸಿಟ್ಟೇ ಕೆಲಸ ಮಾಡುತ್ತಿದ್ದರು. ಫೋಟೋ ಇರುವ ಫೋಲ್ಡರನ್ನು ಎಂದೂ ತೆರೆಯುತ್ತಿರಲಿಲ್ಲ. ಬಾದಾಮಿಯ ಒಬ್ಬ ಸ್ಟುಡಿಯೋದವ ತನ್ನ ಮಷೀನು ಇವರಲ್ಲಿ ಬಿಟ್ಟು ಎರಡು ದಿನ ಬರದೇ ಹೋದಾಗ, ಅದನ್ನು ತೆರೆಯದೆ ಮೇಲೊಂದು ಟವಲು ಹೊದಿಸಿ ಇಟ್ಟಿದ್ದರು. ನಾನು ನಕ್ಕೆ. "ಜಡ್ಡು ನೋಡಬೇಕು, ಮನಿ ನೋಡಬಾರ್ದು" ಅಂದರು. ಈ ಮನುಷ್ಯನ ಮೇಲೆ ಮುಂದೆ ಊರು ಏನು ಹೊರಿಸಿತು ಅನ್ನುವುದನ್ನು ಓದುವಾಗ ಆ ಟವಲು ನೆನಪಿರಲಿ ಅಂತ ಹೇಳಿದೆ.

ಆ ಕಾಲ ಪೆನ್‌ಡ್ರೈವಿನದು. ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಕನ್ನಡ ಟೈಪಿಂಗಿಗೂ ಈಗಿನ ಹಾಗೆ ಎಲ್ಲ ಕಡೆ ನಡೆಯುವ ಅಕ್ಷರ ನಮ್ಮಲ್ಲಿ ಬಳಕೆಯಲ್ಲಿರಲಿಲ್ಲ. ನನ್ನ ಅಂಗಡಿಯಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಯನ್ನು ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದವು. ನನ್ನಲ್ಲಿರುವ ಟೈಪಿಂಗ್ ಪ್ರೋಗ್ರಾಮೇ ಅಲ್ಲೂ ಇರಬೇಕು. ಹಾಗಾಗಿ ನಮ್ಮ ಕಡೆಯ ಡಿಟಿಪಿಯವರದೊಂದು ರೂಢಿ ಇತ್ತು. ಪತ್ರಿಕೆ ಹಾಕಿದ ಪೆನ್‌ಡ್ರೈವಿನಲ್ಲೇ ಆ ಪ್ರೋಗ್ರಾಮಿನ ಫೋಲ್ಡರನ್ನೂ ಹಾಕಿ ಕೊಟ್ಟುಬಿಡುವುದು. ನೆರೆಮನೆಗೆ ಹೆಪ್ಪು ಕೊಟ್ಟಷ್ಟು ಸಹಜವಾಗಿ ಕೊಡುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ, ಯಾರೂ ಬೇಡ ಅನ್ನುತ್ತಿರಲಿಲ್ಲ.

ಒಂದು ಸಲ ಬಾಗಲಕೋಟೆಯಿಂದ ಹೊಸ ಅಕ್ಷರಗಳಿರುವ ಪ್ರೋಗ್ರಾಮಿನ ಕದ್ದ ಪ್ರತಿಯೊಂದು ನನ್ನ ಕೈಗೆ ಬಂತು. ಮದುವೆ ಪತ್ರಿಕೆಗೆ ಬಳುಕುವ ಅಕ್ಷರ ಬೇಕು ಅಂತ ಆಸೆ. ಆ ಫೋಲ್ಡರಿನಲ್ಲಿ ಒಂದು ಚೀಟಿಯಂಥ ಫೈಲು ಇತ್ತು, ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡಿರಿ ಅಂತ. ಕದ್ದ ಮಾಲಿನಲ್ಲೆಲ್ಲ ಹಾಗೇ ಬರೆದಿರುತ್ತಿತ್ತು. ನನ್ನ ಆಂಟಿವೈರಸ್ಸು ಎರಡು ಸಲ ಕಿರುಚಿತು. ನಾನು ಅದರ ಬಾಯಿ ಮುಚ್ಚಿದೆ. ಹಾಕಿಕೊಂಡೆ. ಚೆಂದ ಕಂಡಿತು. ನನ್ನದೇನೋ ದೊಡ್ಡಸ್ತಿಕೆ ಅನ್ನುವ ಹಾಗೆ ಅದೇ ವಾರ ಐದು ಶಾಲೆಗಳಿಗೆ ಪ್ರಶ್ನೆಪತ್ರಿಕೆಯ ಜೊತೆ ಆ ಫೋಲ್ಡರನ್ನೂ ಹಂಚಿದೆ. ಹುನಗುಂದದ ಒಂದು ಹೈಸ್ಕೂಲಿನ ಮಾಸ್ತರರಂತೂ ಅದನ್ನು ತಮ್ಮ ತಮ್ಮ ಪೆನ್‌ಡ್ರೈವಿಗೆ ಇಳಿಸಿಕೊಂಡು ಮನೆಗೂ ಒಯ್ದರು.

ಹದಿನೈದು ದಿನದಲ್ಲಿ ಒಂದೊಂದೇ ಕಂಪ್ಯೂಟರು ಮಲಗತೊಡಗಿದವು. ನನ್ನವೂ ಎರಡು. ಬಂದದ್ದು ಎಂಥ ವೈರಸ್ ಅಂದರೆ, ಅದಕ್ಕೆ ತನ್ನದೇ ಒಂದು ಫೈಲು ಇಲ್ಲ. ಇದ್ದ ಪ್ರೋಗ್ರಾಮುಗಳ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ. ಟೈಪಿಂಗ್ ಪ್ರೋಗ್ರಾಮು ತೆರೆದರೆ ಅಲ್ಲಿಂದ ಎದ್ದು ಇನ್ನೊಂದಕ್ಕೆ ಹತ್ತುತ್ತದೆ, ಅದನ್ನು ತೆರೆದರೆ ಮತ್ತೊಂದಕ್ಕೆ. ಆಂಟಿವೈರಸ್ಸನ್ನೇ ತಿಂದು ಹಾಕುತ್ತದೆ. ಪತ್ರ, ಫೋಟೋ ಮುಟ್ಟುವುದಿಲ್ಲ, ಆದರೆ ಅವನ್ನು ತೆರೆಯುವ ದಾರಿಯೇ ಉಳಿಯುವುದಿಲ್ಲ.

ನಮಗೆಲ್ಲ ಗೊತ್ತಿದ್ದದ್ದು ಒಂದೇ ಔಷಧ. ಸಿ ಡ್ರೈವ್ ಫಾರ್ಮ್ಯಾಟ್ ಹೊಡೆಯುವುದು, ವಿಂಡೋಸ್ ಹೊಸದಾಗಿ ಹಾಕುವುದು. ನಾನೂ ಎರಡು ಸಲ ಹಾಕಿದೆ. ಹಾಕಿ, ಡಿ ಡ್ರೈವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಸೆಟಪ್ ಫೈಲುಗಳನ್ನು ಒತ್ತಿದ ತಕ್ಷಣ ಇದ್ದ ಪೀಡೆ ಮತ್ತೆ ಬಂದು ಕೂತಿತು. ಮೂರನೆಯ ಸಲಕ್ಕೆ ಮಿಸ್ತ್ರಿಯ ಖೋಲಿಗೆ ಹೊತ್ತುಕೊಂಡು ಹೋದೆ.

ಫಾರ್ಮ್ಯಾಟ್ ಅನ್ನುವ ಶಬ್ದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಮೆತ್ತಗೆ ಮಾತಾಡುವ ಮನುಷ್ಯ ಅದೊಂದಕ್ಕೆ ಸಿಡುಕುತ್ತಿದ್ದರು. "ಹೊಲಸು ತಗೀದ ಹೊಸಾ ಚಾಪಿ ಹಾಸ್ತೀರಲ್ಲೋ. ಮೊದಲ ತೊಳೀಬೇಕು, ಆಮ್ಯಾಲ ಹಾಸಬೇಕು" ಅಂದರು. ಅವರ ಪದ್ಧತಿ ಹೀಗಿತ್ತು. ಮಷೀನನ್ನು ಅದರ ವಿಂಡೋಸಿನಿಂದ ಎಬ್ಬಿಸುವುದೇ ಇಲ್ಲ, ಒಂದು ಸಿಡಿ ಹಾಕಿ ಸಿಡಿಯಿಂದಲೇ ಎಬ್ಬಿಸುವುದು. ಒಳಗಿನದು ಮಲಗಿರುವಾಗಲೇ ಸಿ, ಡಿ, ಇ, ಒಂದೂ ಬಿಡದೆ ಎಲ್ಲ ಡ್ರೈವು ತೊಳೆಯುವುದು. ತೊಳೆದರೂ ನೆಟ್ಟಗಾಗದ ಪ್ರೋಗ್ರಾಮುಗಳನ್ನು ಅಳಿಸುವುದು. ಇಟ್ಟುಕೊಂಡ ಸೆಟಪ್ ಫೈಲುಗಳ ಮೇಲೆ ಎಷ್ಟೇ ಪ್ರೀತಿ ಇದ್ದರೂ ಒಂದನ್ನೂ ಉಳಿಸುವುದಿಲ್ಲ. ಮನೆಯಲ್ಲಿದ್ದ ಪೆನ್‌ಡ್ರೈವುಗಳನ್ನೆಲ್ಲ ತರಿಸಿ ಅವನ್ನೂ ತೊಳೆಯುವುದು. ಇಷ್ಟಾದ ಮೇಲೆ ಹೊಸ ವಿಂಡೋಸು. ಆಮೇಲೆ ಮೂರು ಸಲ ಬಂದ್ ಮಾಡಿ ಮೂರು ಸಲ ಎಬ್ಬಿಸುವುದು. ಎರಡು ಸಲ ಎದ್ದರೆ ಅವರಿಗೆ ನಂಬಿಕೆ ಇಲ್ಲ. ತಾವು ಮಾತ್ರ ಪೆನ್‌ಡ್ರೈವ್ ಇಟ್ಟುಕೊಳ್ಳುತ್ತಿರಲಿಲ್ಲ. ಸಿಡಿ ಒಮ್ಮೆ ಬರೆದರೆ ಮುಗಿಯಿತು, ಅದರಲ್ಲಿ ಮತ್ತೆ ಯಾರೂ ಕೈ ಆಡಿಸಲು ಬರುವುದಿಲ್ಲ ಅನ್ನುತ್ತಿದ್ದರು.

ಒಂದು ಕಂಪ್ಯೂಟರಿಗೆ ಒಂದೂವರೆ ದಿನ ಹಿಡಿಯುತ್ತಿತ್ತು. ನನ್ನದೊಂದು ತೊಳೆದು ಕೊಟ್ಟು, ಇನ್ನೊಂದನ್ನು ಅಲ್ಲೇ ಇಟ್ಟುಕೊಂಡು, ಶಾಲೆಗಳಿಗೆ ಹೋದರು. ಸಿಡಿಗಳ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋಗಿ, ಶಾಲೆಯ ಖೋಲಿಯಲ್ಲಿ ದಿನವಿಡೀ ಸ್ಟೂಲಿನ ಮೇಲೆ ಕೂತು ಬರುತ್ತಿದ್ದರು. ಮಾಸ್ತರರ ಮನೆಯ ಪೆನ್‌ಡ್ರೈವುಗಳು ಮಾತ್ರ ಅವರ ಕೈಗೆ ಸಿಗಲಿಲ್ಲ.

ಒಂದು ಮಧ್ಯಾಹ್ನ ಮಿಸ್ತ್ರಿ ನನ್ನ ಅಂಗಡಿಗೆ ಬಂದರು. ಗಿರಾಕಿ ಇರಲಿಲ್ಲ. ಬಾಗಿಲು ಅರ್ಧ ಎಳೆದರು. ಅವರ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಅದರ ಹಿಂದೆ ಐದು ಶಾಲೆಯ ಹೆಸರು, ನನ್ನ ಅಂಗಡಿಯ ಹೆಸರು. ಪ್ರತಿಯೊಂದರ ಮುಂದೆ ಅಲ್ಲಿ ಮೊದಲ ಫೈಲಿಗೆ ವೈರಸ್ ಹತ್ತಿದ ದಿನಾಂಕ. ಎಲ್ಲವನ್ನೂ ಬೆರಳಿಟ್ಟು ಓದಿ ಬರೆದುಕೊಂಡು ಬಂದಿದ್ದರು. ಐದೂ ಕಡೆ ಮೊದಲು ಹತ್ತಿದ್ದು ಒಂದೇ ಫೋಲ್ಡರು.

"ಎಲ್ಲಾದಕ್ಕಿಂತ ಮೊದಲ ನಿನ್ನ ಮಷೀನಿಗೆ ಬಂದೈತಿ ತಮ್ಮಾ. ನಿನ್ನ ಪೆನ್‌ಡ್ರೈವಿಂದ ಎಲ್ಲಾ ಕಡಿ ಹೋಗೈತಿ" ಅಂದರು.

ಅವರು ಬೈಯಲಿಲ್ಲ. ಗೊತ್ತಿಲ್ಲದೆ ಆದದ್ದು, ಯಾರಿಗಾದರೂ ಆಗುತ್ತದೆ ಅಂದರು. ಆದರೆ ಐದೂ ಶಾಲೆಗೆ ನಾನೇ ಹೋಗಿ ಹೇಳಬೇಕು, ನಾನು ಕೊಟ್ಟ ಫೋಲ್ಡರನ್ನು ಮಾಸ್ತರರ ಮನೆಯಲ್ಲಿದ್ದರೂ ಹುಡುಕಿ ಅಳಿಸಿಬಿಡಿ ಅಂತ. ಅದನ್ನು ಹೇಳದಿದ್ದರೆ ತಾವು ಎಷ್ಟು ಸಲ ತೊಳೆದರೂ ಮತ್ತೆ ಬರುತ್ತದೆ ಅಂತ ತಿಳಿಸಿ ಹೇಳಿದರು. ನೀವೇ ಹೇಳಬಹುದಲ್ಲ ಅಂದೆ ನಾನು, ಎಂಥ ಹೇಡಿ. ಅದಕ್ಕೆ ಅವರು, "ನಾ ಹೇಳಿದ್ರ ತಾ ತಪ್ಪಿಸಿಕೊಳ್ಳಾಕ ಹೇಳಾಕತ್ತಾನ ಅಂತಾರ. ನೀ ಹೇಳಿದ್ರ ನಂಬ್ತಾರ" ಅಂದರು.

ನಾಳೆ ಹೋಗುತ್ತೇನೆ ಅಂದೆ. ನಾಳೆ ಹೋಗಲಿಲ್ಲ. ಪರೀಕ್ಷೆಯ ಸುಗ್ಗಿ ಎದುರಿಗಿತ್ತು, ಐದೂ ಶಾಲೆಯ ಪತ್ರಿಕೆ ನನ್ನಲ್ಲಿಗೇ ಬರಬೇಕಿತ್ತು. ಈ ಮಾತು ಹೊರಬಿದ್ದರೆ ನನ್ನ ಅಂಗಡಿಯ ಕಡೆ ಯಾರೂ ತಲೆ ಹಾಕುವುದಿಲ್ಲ ಅಂತ ಹೆದರಿಕೆ. ಮಿಸ್ತ್ರಿ ತೊಳೆದಿದ್ದಾರಲ್ಲ, ಇಷ್ಟಕ್ಕೇ ಮುಗಿಯಲಿ ದೇವರೇ ಅಂತ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಎದುರಾದಾಗ ಮಿಸ್ತ್ರಿ, ಹೋಗಿದ್ದೆಯಾ ಅಂತ ಎರಡು ಸಲ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು.

ನಾಲ್ಕು ಶಾಲೆಗಳಲ್ಲಿ ಏನೂ ಆಗಲಿಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ಆಯಿತು. ಮಿಸ್ತ್ರಿ ತೊಳೆದು ಬಂದ ವಾರಕ್ಕೆ ಒಬ್ಬ ಮಾಸ್ತರರು ಮನೆಯ ಪೆನ್‌ಡ್ರೈವಿನಿಂದ ಟೈಪಿಂಗ್ ಪ್ರೋಗ್ರಾಮು ಹಾಕಿಕೊಂಡರು. ಮತ್ತೆ ಬಂತು. ಮತ್ತೆ ತೊಳೆದರು. ಮತ್ತೆ ಬಂತು. ಮೂರನೆಯ ಸಲ ಬಂದಾಗ ಹತ್ತನೆಯ ತರಗತಿಯ ಮಕ್ಕಳ ಪರೀಕ್ಷೆ ಅರ್ಜಿ ಕಳಿಸುವ ದಿನಗಳು. ಅದಕ್ಕೆಂದು ಕ್ಲರ್ಕು ಬಳಸುತ್ತಿದ್ದ ಪ್ರೋಗ್ರಾಮು ತೆರೆಯುತ್ತಲೇ ಇರಲಿಲ್ಲ. ಹೆಡ್‌ಮಾಸ್ತರರಿಗೆ ಮೇಲಿನವರಿಂದ ಫೋನಿನ ಮೇಲೆ ಫೋನು. ಆಗ ಯಾರೋ ಒಬ್ಬರು ಅಂದರಂತೆ, ಈ ಮಿಸ್ತ್ರಿ ಬಂದು ಹೋದಾಗೊಮ್ಮೆ ಯಾಕೆ ಬರುತ್ತದೆ, ತಾನೇ ಹಾಕಿ ತಾನೇ ತೆಗೆಯುತ್ತಾನೆ, ಅವನ ಧಂದೆ ನಡೆಯಬೇಕಲ್ಲ ಅಂತ.

ಶಾಲೆಯನ್ನು ನಡೆಸುವ ಸಂಸ್ಥೆಯ ಸೆಕ್ರೆಟರಿಯವರು ನನಗೆ ಫೋನು ಮಾಡಿ ಕರೆಸಿದರು. ಕಂಪ್ಯೂಟರು ತಿಳಿದವನು, ಬೇಕಾದವನು ಅಂತ ನನ್ನ ಮೇಲೆ ಅವರಿಗೆ ವಿಶ್ವಾಸ. ನಾನು ಹೋದಾಗ ಆಫೀಸಿನಲ್ಲಿ ಸೆಕ್ರೆಟರಿ, ಹೆಡ್‌ಮಾಸ್ತರರು, ಕ್ಲರ್ಕು ಕೂತಿದ್ದರು. ಮೂಲೆಯ ಮೇಜಿನ ಮುಂದೆ ಸ್ಟೂಲಿನ ಮೇಲೆ ಮಿಸ್ತ್ರಿ, ನಮ್ಮ ಕಡೆ ಬೆನ್ನು. ಸಿಡಿ ತಿರುಗುತ್ತಿತ್ತು. ತೊಳೆಯುವುದು ಅರ್ಧಕ್ಕೆ ಬಂದಿತ್ತು. ತಿರುಗಿ ನನ್ನನ್ನು ನೋಡಿ ಅವರು ಸ್ವಲ್ಪ ನಕ್ಕರು. ಕೊನೆಗೂ ಹೇಳಲು ಬಂದ ಅಂತ ತಿಳಿದಿರಬೇಕು. ಆ ನಗೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸೆಕ್ರೆಟರಿಯವರು ಚಹಾ ತರಿಸಿದರು. ಮಿಸ್ತ್ರಿಗೆ ಕೊಡಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದರು, "ನೀವು ತಿಳದವ್ರು, ಒಂದ್ ಮಾತು ಹೇಳ್ರಿ. ರಿಪೇರಿ ಮಾಡಾಂವ ತಾನ ವೈರಸ್ ಹಾಕಬಹುದೇನು?"

ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಎರಡು ವಾಕ್ಯ ಸಾಕಿತ್ತು. ಮಿಸ್ತ್ರಿಯ ಬೆನ್ನು ನೆಟ್ಟಗಾದದ್ದು ಕಂಡಿತು. ನಾನು ಚಹಾದ ಕಪ್ಪು ನೋಡುತ್ತ, "ಹಾಕಬೇಕಂದ್ರ ಹಾಕಬಹುದ್ರಿ" ಅಂದೆ.

ಸುಳ್ಳಲ್ಲ ನೋಡಿ. ಅಕ್ಷರ ಅಕ್ಷರವೂ ಖರೆ. ಯಾರು ಬೇಕಾದರೂ ಹಾಕಬಹುದು. ನಾನು ಅವರು ಹಾಕಿದರು ಅನ್ನಲಿಲ್ಲವಲ್ಲ ಅಂತ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಖೋಲಿಯಲ್ಲಿ ಕೂತವರಿಗೆ ಅಷ್ಟು ಸಾಕಾಯಿತು. ಸೆಕ್ರೆಟರಿಯವರು, ಮುಗೀತಲ್ಲ, ಇನ್ನು ಎದ್ದೇಳಪ್ಪಾ ಅಂದರು. ಮಿಸ್ತ್ರಿ ತಿರುಗಿ ನನ್ನ ಮುಖ ನೋಡಿದರು. ಜೇಬಿನಲ್ಲಿ ಆ ಕ್ಯಾಲೆಂಡರಿನ ಹಾಳೆ ಇದ್ದೇ ಇತ್ತು, ಮಡಿಕೆ ಕಾಣುತ್ತಿತ್ತು. ತೆಗೆಯಲಿಲ್ಲ. "ತೊಳಿಯೂದು ಅರ್ಧಾ ಆಗೈತ್ರಿ. ಈಗ ತಗೀಬಾರ್ದು. ಇದೊಂದು ಮುಗಿಸಿ ಹೋಗ್ತೇನಿ" ಅಂತ ಮಾತ್ರ ಸೆಕ್ರೆಟರಿಗೆ ಹೇಳಿದರು. ಸೆಕ್ರೆಟರಿಯವರು ಬೇಕಾಗಿಲ್ಲ ಅಂದರು. ಮಿಸ್ತ್ರಿ ಸಿಡಿ ತೆಗೆದು, ಅಂಗಿಯ ತುದಿಗೆ ಒರೆಸಿ, ಲಕೋಟೆಯಲ್ಲಿ ಹಾಕಿ, ಚೀಲ ಹೆಗಲಿಗೆ ಏರಿಸಿ ಹೋದರು. ಒಂದೇ ಊರಿಗೆ ಹೋಗುವವರು ನಾವು. ನಾನು ಬೇಕೆಂದೇ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಬಂದೆ.

ಆಮೇಲೆ ಆ ಶಾಲೆಯವರು ಬೇರೆ ಯಾರನ್ನೋ ಕರೆಸಿ ಇಡೀ ಕಂಪ್ಯೂಟರನ್ನೇ ಖಾಲಿ ಹೊಡೆಸಿದರು. ಇದ್ದ ಕಾಗದಪತ್ರವೆಲ್ಲ ಹೋಯಿತು. ಕ್ಲರ್ಕು ಮಕ್ಕಳ ಹೆಸರನ್ನು ರಿಜಿಸ್ಟರು ನೋಡಿ ಮೊದಲಿನಿಂದ ಬರೆಯಬೇಕಾಯಿತು. ಅದೂ ಮಿಸ್ತ್ರಿಯ ತಲೆಗೇ ಬಂತು. ಮುಂದಿನ ತಿಂಗಳು ಮಾಸ್ತರರ ಪೆನ್‌ಡ್ರೈವಿನಿಂದ ವೈರಸ್ ಮತ್ತೆ ಬಂತು. ಮಿಸ್ತ್ರಿ ಆ ಕಡೆ ಕಾಲಿಟ್ಟಿರಲಿಲ್ಲ, ಆದರೂ ಯಾರಿಗೂ ಅದು ಹೊಳೆಯಲಿಲ್ಲ. ಅವನು ಏನೋ ಒಳಗೆ ಬಿಟ್ಟು ಹೋಗಿದ್ದಾನೆ ಅಂದರು.

ಮಾತು ಹುನಗುಂದದಿಂದ ಇಳಕಲ್ಲಿಗೆ ಬರಲು ಎಷ್ಟು ಹೊತ್ತು. ಗ್ರಾನೈಟ್ ಆಫೀಸಿನವರು ಕರೆಯುವುದನ್ನು ಬಿಟ್ಟರು, ಸ್ಟುಡಿಯೋದವರು ಬಿಟ್ಟರು. ನನ್ನ ಅಂಗಡಿಯಲ್ಲೇ ನಿಂತು ಒಬ್ಬ ಗಿರಾಕಿ, ಆ ಮಂದಿಯೇ ಹಾಗೆ ಬಿಡ್ರಿ ಅಂದ. ನಾನು ಅವನ ಮಗಳ ಮದುವೆ ಪತ್ರಿಕೆಯ ಅಕ್ಷರ ಜೋಡಿಸುತ್ತಿದ್ದೆ. ಜೋಡಿಸುತ್ತಲೇ ಇದ್ದೆ. ಬಳುಕುವ ಅಕ್ಷರ.

ಹುನಗುಂದದಲ್ಲಿ ಅದು ನಡೆದು ಸುಮಾರು ಎಂಟು ದಿನಕ್ಕೆ ಮಿಸ್ತ್ರಿ ನನ್ನ ಅಂಗಡಿಗೆ ಬಂದರು. ಜಗಳಕ್ಕೆ ಬಂದರು ಅಂತ ನಾನು ಎದ್ದು ನಿಂತೆ. ಅವರಲ್ಲಿ ಉಳಿದಿದ್ದ ನನ್ನ ಎರಡನೆಯ ಕಂಪ್ಯೂಟರನ್ನು ತಾವೇ ಹೊತ್ತುಕೊಂಡು ಬಂದಿದ್ದರು. ಇಟ್ಟು, ತಂತಿ ಜೋಡಿಸಿ, ನನ್ನ ಕಡೆ ಪರದೆ ತಿರುಗಿಸಿ, ಮೂರು ಸಲ ಬಂದ್ ಮಾಡಿ ಮೂರು ಸಲ ಎಬ್ಬಿಸಿ ತೋರಿಸಿದರು. ನಾನು ಹೇಗೋ ಧೈರ್ಯ ಮಾಡಿ, ಅವತ್ತು ನನ್ನದು ತಪ್ಪಾಯಿತು ಅಂತ ಶುರು ಮಾಡಿದೆ.

"ನೀವು ಸುಳ್ಳೇನ್ ಹೇಳಿಲ್ಲ ಬಿಡ್ರಿ ಸರ್" ಅಂದರು.

ತಮ್ಮ ಹೋಗಿ ಸರ್ ಆಗಿತ್ತು. ಎರಡು ಏಟು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ವರ್ಷ ತುಂಬುವುದರೊಳಗೆ ಖೋಲಿ ಖಾಲಿ ಮಾಡಿ ಬಾಗಲಕೋಟೆಯ ನವನಗರಕ್ಕೆ ಹೋದರು. ತಂದೆಯ ಕಾಲದ ಅಂಗಡಿ ಅದು. ಅಲ್ಲಿ ಯಾರದೋ ಅಂಗಡಿಯಲ್ಲಿ ಸಂಬಳಕ್ಕೆ ಕೂತು ಚಾರ್ಜರು, ಸ್ಟೆಬಿಲೈಜರು ರಿಪೇರಿ ಮಾಡುತ್ತಿದ್ದಾರೆ ಅಂತ ಕೇಳಿದೆ. ಕಂಪ್ಯೂಟರು ಯಾಕೆ ಮುಟ್ಟುವುದಿಲ್ಲ ಅಂತ ಯಾರೋ ಕೇಳಿದ್ದಕ್ಕೆ, ಕೈ ನಡುಗುತ್ತದೆ ಅಂದರಂತೆ. ಅವರ ಕೈ ನಡುಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ನಡುವೆ ಒಮ್ಮೆ ನವನಗರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಸಕ್ಕರೆ ಕಾಯಿಲೆಗೆ ಒಂದು ಕಾಲು ಊದಿತ್ತು. ನಾನು ತಪ್ಪಿಸಿಕೊಂಡು ಹೋಗಬೇಕು ಅನ್ನುವಷ್ಟರಲ್ಲಿ ಅವರೇ ಕರೆದು ಮಾತಾಡಿಸಿದರು. ಮನೆಯವರನ್ನು ಕೇಳಿದರು, ಅಂಗಡಿ ಕೇಳಿದರು. ಆಮೇಲೆ, ಹುನಗುಂದದ ಆ ಮಷೀನು ಈಗ ಹೇಗಿದೆ ಅಂತ ಕೇಳಿದರು. ಅರ್ಧಕ್ಕೆ ಬಿಟ್ಟು ಬಂದದ್ದು ಮನಸ್ಸಿಗೆ ಹತ್ತಿಕೊಂಡಿತ್ತು. ಅದು ಎಂದೋ ಗುಜರಿಗೆ ಹೋಗಿತ್ತು. ಚೆನ್ನಾಗಿದೆ ಅಂದೆ. ಈ ಸಲ ಪೂರಾ ಸುಳ್ಳೇ ಹೇಳಿದೆ. ಅವರ ಮುಖ ಸ್ವಲ್ಪ ಅರಳಿತು. ಅದೇ ಕೊನೆಯ ಭೇಟಿ.

ಮಣ್ಣಿಗೆ ಹೋಗಲು ನನ್ನಿಂದ ಆಗಲಿಲ್ಲ. ಮೂರನೆಯ ದಿನ ಹೋದೆ. ಎರಡು ಖೋಲಿಯ ಬಾಡಿಗೆ ಮನೆ. ಅವರ ಮೈದುನ ಕುರ್ಚಿ ಹಾಕಿ ನೀರು ಕೊಟ್ಟರು. ಗಂಡ ತೀರಿದ ಹೆಂಗಸರು ಮುಸಲ್ಮಾನರಲ್ಲಿ ನಾಲ್ಕು ತಿಂಗಳು ಪರಪುರುಷರ ಎದುರು ಬರುವುದಿಲ್ಲ. ಒಳಬಾಗಿಲಿಗೆ ಪರದೆ ಇತ್ತು, ಅದರಾಚೆ ಮಿಸ್ತ್ರಿಯ ಹೆಂಡತಿ ಕೂತಿದ್ದರು. ಭಾಬಿ, ನಿಮಗೊಂದು ಮಾತು ಹೇಳಬೇಕು ಅಂದೆ. ಹೇಳ್ರಿ ಅಂದರು. ಫೋಲ್ಡರಿನಿಂದ ಹಿಡಿದು ಚಹಾದ ಕಪ್ಪಿನವರೆಗೆ ಎಲ್ಲ ಹೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. ಮುಗಿಸಿ, ನನ್ನನ್ನು ಕ್ಷಮಿಸಿ ಅಂತ ಅತ್ತೆ.

"ಇದನ್ನ ನನಗ ಯಾಕ ಹೇಳ್ತೀರಿ?" ಅಂದರು ಪರದೆಯ ಆಚೆಯಿಂದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿದಿತ್ತು. "ನಾ ಒಂದಿನಾನೂ ನಂಬಿರಲಿಲ್ಲ. ನಂಬಿದವ್ರು ಹುನಗುಂದದಾಗ ಅದಾರ. ಅವರಿಗೆ ಹೋಗಿ ಹೇಳ್ರಿ."

ಅಲ್ಲಿಂದ ಎದ್ದವನು ಮನೆಗೆ ಹೋಗಲಿಲ್ಲ. ನೆಟ್ಟಗೆ ಹುನಗುಂದದ ಬಸ್ಸು ಹತ್ತಿದೆ.

ಆಗಿನ ಹೆಡ್‌ಮಾಸ್ತರರು ತೀರಿಕೊಂಡಿದ್ದಾರೆ, ಕ್ಲರ್ಕು ಎಲ್ಲಿದ್ದಾನೋ ಗೊತ್ತಿಲ್ಲ. ಸೆಕ್ರೆಟರಿಯವರು ಮಾತ್ರ ಅದೇ ಕುರ್ಚಿಯಲ್ಲಿದ್ದಾರೆ, ಕೂದಲು ಪೂರಾ ಬೆಳ್ಳಗಾಗಿದೆ. ಇಬ್ಬರು ಹೊಸ ಮಾಸ್ತರರು ಏನೋ ಸಹಿಗೆ ನಿಂತಿದ್ದರು. ಅವರೂ ಕೇಳಲಿ ಅಂತಲೇ ನಾನು ಗಟ್ಟಿಯಾಗಿ ಹೇಳಿದೆ. ವೈರಸ್ ತಂದವನು ನಾನು, ಹಂಚಿದವನು ನಾನು, ಮಿಸ್ತ್ರಿ ಅದನ್ನು ತೊಳೆದವರು, ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಗೊತ್ತಿದ್ದೂ ಈ ಖೋಲಿಯಲ್ಲಿ ಕೂತು ಅವರ ಹೆಸರು ಕೆಡಿಸಿದೆ ಅಂದೆ. ದಿನಾಂಕ ಬರೆದ ಹಾಳೆಯ ಮಾತು ಹೇಳಿದೆ. ಮಾಸ್ತರರ ಮನೆಯ ಪೆನ್‌ಡ್ರೈವಿನ ಮಾತು ಹೇಳಿದೆ. ಏನೂ ಬಿಡಲಿಲ್ಲ.

ಸೆಕ್ರೆಟರಿಯವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರ ಕಣ್ಣು ತೇವವಾಗಿದ್ದವು.

"ದೊಡ್ಡ ಮನಸ್ಸು ನಿಮ್ದು" ಅಂದರು. "ಸತ್ತವರ ಮ್ಯಾಲೆ ಅಪವಾದ ಉಳೀಬಾರದು ಅಂತ ನಿಮ್ಮ ಮ್ಯಾಲೆ ತಗೊಳ್ಳಾಕತ್ತೀರಿ. ಅವಗ ನೀವು ಭಾಳ ಬೇಕಾದವ್ರು ಇದ್ರಿ, ನಮಗ ಗೊತ್ತೈತಿ."

ಹಾಗಲ್ಲ ಅಂದೆ. ನನ್ನ ಮಕ್ಕಳಾಣೆ ಅಂದೆ. ಮತ್ತೆ ಮೊದಲಿನಿಂದ ಹೇಳಲು ಹೋದೆ. ಅವರು ನನ್ನ ಕೈ ಹಿಡಿದು, ಸಾಕು, ಹಳೆಯದೆಲ್ಲ ಹೋಗಲಿ, ಅವನ ತಪ್ಪನ್ನು ನಾವು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದೇವೆ ಅಂದರು. ನಿಂತಿದ್ದ ಮಾಸ್ತರರ ಕಡೆ ತಿರುಗಿ, ಇಂಥವರನ್ನು ನೋಡಿ ಕಲಿಯಬೇಕು ಅಂದರು. ಬರುವ ಶಿಕ್ಷಕರ ದಿನಾಚರಣೆಗೆ ಕರೆಯುತ್ತೇವೆ, ಬಂದು ಮಕ್ಕಳಿಗೆ ಎರಡು ಒಳ್ಳೆಯ ಮಾತು ಹೇಳಬೇಕು, ಒಂದು ಶಾಲು ಹೊದಿಸುತ್ತೇವೆ, ಇಲ್ಲ ಅನ್ನಬೇಡಿ ಅಂದರು.

ಬರುತ್ತೇನೆ ಅಂದಿದ್ದೇನೆ. ಅಲ್ಲಿ ಮೈಕಿನ ಮುಂದೆ ನಿಂತು ಇದನ್ನೇ ಹೇಳುತ್ತೇನೆ, ಒಂದು ಅಕ್ಷರ ಬಿಡದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.